ಎಣಿಕೆ ಮತ್ತು ಧ್ಯಾನ: ಕಥೋಲಿಕ ಬದುಕಿನಲ್ಲಿ ಜಪಸರ ಪ್ರಾರ್ಥನೆಯ ಮೌಲ್ಯ

ಪ್ರಸ್ತಾವನೆ

ಕ್ರೈಸ್ತ ಧರ್ಮ ಹಾಗೂ ಕನ್ನಡ ಭಾಷೆಯ ಸಂಬಂಧವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಅಚ್ಚಿನ ಇತಿಹಾಸವನ್ನು ಅವಲಂಬಿಸಿವೆ. 1843ರಲ್ಲಿ ಮೊಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು, ಬೈಬಲ್ಲಿನ ಅನುವಾದಗಳು, ವ್ಯಾಕರಣ ಗ್ರಂಥಗಳು ಈ ಅಧ್ಯಯನಗಳ ಮುಖ್ಯ ಆಕರಗಳಾಗಿವೆ. ಇವುಗಳ ಮಹತ್ವ ನಿರ್ವಿವಾದವಾದುದು. ಆದರೆ ಅಕ್ಷರದ ನೆರವಿಲ್ಲದೆ, ತಲೆಮಾರಿನಿಂದ ತಲೆಮಾರಿಗೆ ನಾಲಿಗೆಯ ಮೇಲೆಯೇ ಸಾಗಿಬಂದ ಪ್ರಾರ್ಥನಾ ಪರಂಪರೆಯೊಂದು ಈ ನೋಟದಿಂದ ಹೊರಗುಳಿಯಿತು. ಕಥೋಲಿಕ ಕ್ರೈಸ್ತರ ಜಪಸರ ಪ್ರಾರ್ಥನೆ ಅಂತಹ ಪರಂಪರೆಗಳಲ್ಲಿ ಪ್ರಮುಖವಾದುದು.

ಜಪಸರವನ್ನು ಕುರಿತು ಹೊರಗಿನವರಲ್ಲಿಯೂ, ಕೆಲವೊಮ್ಮೆ ಒಳಗಿನವರಲ್ಲಿಯೂ ಏಳುವ ಪ್ರಶ್ನೆ ಒಂದೇ. ಒಂದೇ ಮಾತನ್ನು ಐವತ್ತಮೂರು ಸಲ ಹೇಳುವುದರಿಂದ ಸಿದ್ಧಿಸುವುದೇನು? ಇದು ಯಾಂತ್ರಿಕ ಪುನರುಕ್ತಿಯಲ್ಲವೆ? ಈ ಪ್ರಶ್ನೆಯನ್ನು ಲಘುವಾಗಿ ಕಾಣುವಂತಿಲ್ಲ. ಬಾಹ್ಯಾಚಾರದ ಟೀಕೆಯನ್ನು ತನ್ನ ಜೀವಾಳವಾಗಿಸಿಕೊಂಡ ವಚನ ಪರಂಪರೆಯ ನಾಡಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಜಪಸರದ ರಚನೆ, ಚರಿತ್ರೆ, ಕನ್ನಡದಲ್ಲಿ ಅದು ಪಡೆದ ಪರಿಭಾಷೆ ಹಾಗೂ ಮನೆಯೊಳಗಿನ ಅದರ ಬಳಕೆಯನ್ನು ಪರಿಶೀಲಿಸಿ, ಈ ಪ್ರಾರ್ಥನೆಯ ಮೌಲ್ಯ ಎಲ್ಲಿದೆ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಜಪಸರದ ರಚನೆ

ಸಾಮಾನ್ಯವಾಗಿ ಬಳಕೆಯಲ್ಲಿರುವ ಜಪಸರದಲ್ಲಿ ಒಂದು ಶಿಲುಬೆ ಹಾಗೂ 59 ಮಣಿಗಳಿರುತ್ತವೆ. ಇವುಗಳಲ್ಲಿ 53 ‘ನಮೋ ಮರಿಯೆ’ ಪ್ರಾರ್ಥನೆಗೆ, 6 ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಗೆ ಮೀಸಲು. ಶಿಲುಬೆಯನ್ನು ಹಿಡಿದು ವಿಶ್ವಾಸ ಪ್ರಮಾಣವನ್ನು ಹೇಳಿ, ಬಳಿಕ ಮೊದಲ ದೊಡ್ಡ ಮಣಿ, ಮೂರು ಚಿಕ್ಕ ಮಣಿಗಳನ್ನು ದಾಟಿ ಹತ್ತು ಹತ್ತು ಮಣಿಗಳ ಐದು ಗುಂಪುಗಳತ್ತ ಸಾಗುವುದು ರೂಢಿ. ಪ್ರತಿಯೊಂದು ಹತ್ತರ ಕೊನೆಗೆ ತ್ರಿತ್ವದ ಸ್ತುತಿ ಬರುತ್ತದೆ. ಐದು ಹತ್ತುಗಳನ್ನು ಮುಗಿಸಲು ಸುಮಾರು 15ರಿಂದ 20 ನಿಮಿಷ ಬೇಕಾಗುತ್ತದೆ.

ಇದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಭಾಗ. ಇದರೊಳಗೆ ಕಾಣದ ಮತ್ತೊಂದು ಭಾಗವಿದೆ. ಪ್ರತಿ ಹತ್ತನ್ನು ಆರಂಭಿಸುವ ಮುನ್ನ ಕ್ರಿಸ್ತ ಹಾಗೂ ಮರಿಯಳ ಬದುಕಿನ ಒಂದು ಘಟನೆಯನ್ನು ಹೆಸರಿಸಲಾಗುತ್ತದೆ. ಇದನ್ನು ‘ದೇವರಹಸ್ಯ’ ಎನ್ನುತ್ತಾರೆ. ದೇವದೂತನ ಸಂದೇಶ, ಎಲಿಜಬೇತಳ ಭೇಟಿ, ಯೇಸುವಿನ ಜನನ, ದೇವಾಲಯದಲ್ಲಿ ಶಿಶುವಿನ ಸಮರ್ಪಣೆ, ಕಳೆದುಹೋದ ಬಾಲಕ ಸಿಕ್ಕಿದ್ದು, ಇವು ಸಂತೋಷದ ರಹಸ್ಯಗಳು. ಗೆತ್ಸೆಮನೆಯ ವೇದನೆಯಿಂದ ಶಿಲುಬೆಯ ಮರಣದವರೆಗಿನ ಐದು ದುಃಖದ ರಹಸ್ಯಗಳು. ಪುನರುತ್ಥಾನದಿಂದ ಆರಂಭವಾಗುವ ಐದು ಮಹಿಮೆಯ ರಹಸ್ಯಗಳು. 2002ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಇವುಗಳಿಗೆ ಬೆಳಕಿನ ರಹಸ್ಯಗಳೆಂಬ ಐದನ್ನು ಸೇರಿಸಿದರು. ವಾರದ ದಿನಗಳಿಗೆ ಇವುಗಳನ್ನು ಹಂಚಲಾಗಿದೆ. ಸೋಮವಾರ, ಶನಿವಾರ ಸಂತೋಷ, ಮಂಗಳವಾರ, ಶುಕ್ರವಾರ ದುಃಖ, ಬುಧವಾರ, ಭಾನುವಾರ ಮಹಿಮೆ, ಗುರುವಾರ ಬೆಳಕು. ಹೀಗೆ ಜಪಸರ ಹಿಡಿದ ವ್ಯಕ್ತಿಯು ವಾರವೊಂದರಲ್ಲಿ ಸುವಾರ್ತೆಯ ಕಥನವನ್ನು ಜನನದಿಂದ ಮಹಿಮೆಯವರೆಗೆ ಒಮ್ಮೆ ಸುತ್ತಿಬರುತ್ತಾನೆ.

2. ಚರಿತ್ರೆ: ಅನಕ್ಷರಸ್ಥರ ಕೀರ್ತನಗ್ರಂಥ

ಜಪಸರವನ್ನು ಮರಿಯಮ್ಮನೇ 13ನೆಯ ಶತಮಾನದ ಆರಂಭದಲ್ಲಿ ಸಂತ ದೊಮಿನಿಕರಿಗೆ ದಯಪಾಲಿಸಿದಳೆಂಬುದು ಜನಪ್ರಿಯ ಐತಿಹ್ಯ. ಈ ಐತಿಹ್ಯವನ್ನು ಪ್ರಚುರಪಡಿಸಿದವನು 1475ರಲ್ಲಿ ಮರಣಹೊಂದಿದ ದೊಮಿನಿಕನ್ ಸನ್ಯಾಸಿ ಅಲನ್ ದೆ ಲಾ ರೋಷ್. ದೊಮಿನಿಕರಿಗೂ ಅಲನ್‌ಗೂ ನಡುವೆ ಎರಡೂವರೆ ಶತಮಾನಗಳ ಅಂತರವಿರುವುದರಿಂದ ಇತಿಹಾಸಕಾರರು ಇದನ್ನು ಚಾರಿತ್ರಿಕ ಸಂಗತಿಯೆಂದು ಪರಿಗಣಿಸುವುದಿಲ್ಲ. ಜಪಸರ ಒಬ್ಬರಿಂದ ಒಂದು ದಿನ ಹುಟ್ಟಿದ ಪ್ರಾರ್ಥನೆಯಾಗಿರದೆ, ಹಲವು ಎಳೆಗಳು ಕೂಡಿ ಶತಮಾನಗಳಲ್ಲಿ ರೂಪುಗೊಂಡದ್ದು ಎಂಬುದು ಇಂದು ಸರ್ವಸಮ್ಮತವಾದ ಅಭಿಪ್ರಾಯ.

ಮೊದಲ ಎಳೆ ಬೈಬಲ್ಲಿನ ಕೀರ್ತನೆಗಳದು. ಮಠಗಳ ಸನ್ಯಾಸಿಗಳು 150 ಕೀರ್ತನೆಗಳನ್ನು ಲ್ಯಾಟಿನ್ ಭಾಷೆಯಲ್ಲಿ ಪಠಿಸುತ್ತಿದ್ದರು. ಲ್ಯಾಟಿನ್ ಓದಲು ಬಾರದ ಸಾಮಾನ್ಯರು ಅದಕ್ಕೆ ಬದಲಾಗಿ ಕ್ರಿಸ್ತನು ಕಲಿಸಿದ ಪ್ರಾರ್ಥನೆಯನ್ನು 150 ಸಲ, ಕಾಲಾನಂತರದಲ್ಲಿ ಮರಿಯಳ ವಂದನೆಯನ್ನು 150 ಸಲ ಹೇಳತೊಡಗಿದರು. ಲೆಕ್ಕವಿಡಲು ದಾರಕ್ಕೆ ಪೋಣಿಸಿದ ಮಣಿಗಳು ಬಂದವು. 13ನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಇಂತಹ ಮಣಿಸರಗಳನ್ನು ತಯಾರಿಸುವ ಕುಶಲಕರ್ಮಿಗಳ ಸಂಘಗಳೇ ಇದ್ದವು. ಪ್ರಾರ್ಥನೆ ಎಂಬ ಅರ್ಥವಿದ್ದ ಹಳೆಯ ಇಂಗ್ಲಿಷಿನ ಪದವೇ ಮಣಿ ಎಂಬ ಅರ್ಥದ ‘ಬೀಡ್’ ಆಗಿ ಮಾರ್ಪಟ್ಟಿತು. ಕ್ರಿಯೆಯ ಹೆಸರು ಸಲಕರಣೆಗೆ ಅಂಟಿಕೊಂಡ ಈ ಅರ್ಥವ್ಯತ್ಯಾಸವು ಪ್ರಾರ್ಥನೆಯೂ ಮಣಿಯೂ ಜನರ ಅನುಭವದಲ್ಲಿ ಎಷ್ಟು ಒಂದಾಗಿದ್ದವು ಎಂಬುದನ್ನು ತೋರಿಸುತ್ತದೆ.

ಎರಡನೆಯ ಎಳೆ ಧ್ಯಾನದ್ದು. 15ನೆಯ ಶತಮಾನದ ಆರಂಭದಲ್ಲಿ ಟ್ರಿಯರ್ ನಗರದ ಕಾರ್ತೂಸಿಯನ್ ಮಠದಲ್ಲಿದ್ದ ಪ್ರಶ್ಯದ ದೊಮಿನಿಕ್ ಎಂಬ ಸನ್ಯಾಸಿ 50 ವಂದನೆಗಳಿಗೆ ಕ್ರಿಸ್ತನ ಬದುಕಿನ 50 ಸಂಗತಿಗಳನ್ನು ಚಿಕ್ಕ ಚಿಕ್ಕ ವಾಕ್ಯಗಳಾಗಿ ಜೋಡಿಸಿದನು. ಮಣಿಯೊಂದಕ್ಕೆ ಒಂದು ಸಂಗತಿಯಂತೆ ಸಾಗುವ ಈ ಕ್ರಮವನ್ನು ನೆನಪಿಡುವುದು ಸಾಮಾನ್ಯರಿಗೆ ಕಷ್ಟವಾಯಿತು. ಆ ಶತಮಾನದ ಉತ್ತರಾರ್ಧದಲ್ಲಿ ಮರದಚ್ಚಿನ ಚಿತ್ರಗಳ ನೆರವಿನಿಂದ ಹತ್ತಕ್ಕೆ ಒಂದು ಘಟನೆಯಂತೆ 15 ರಹಸ್ಯಗಳ ಕ್ರಮ ಬಳಕೆಗೆ ಬಂದಿತು. 1475ರಲ್ಲಿ ಕೊಲೋನ್ ನಗರದಲ್ಲಿ ಸ್ಥಾಪನೆಯಾದ ಜಪಸರ ಸಂಘ ಈ ಭಕ್ತಿಯನ್ನು ವ್ಯಾಪಕವಾಗಿ ಹರಡಿತು. ಆನ್ ವಿನ್‌ಸ್ಟನ್-ಅಲೆನ್ ಅವರ ‘ಸ್ಟೋರೀಸ್ ಆಫ್ ದ ರೋಸ್’ (1997) ಈ ಬೆಳವಣಿಗೆಯನ್ನು ವಿವರವಾಗಿ ಚರ್ಚಿಸುವ ಕೃತಿ.

ಮೂರನೆಯದು ಅಧಿಕೃತ ಮನ್ನಣೆ. 1568ರ ರೋಮನ್ ಪ್ರಾರ್ಥನಾಗ್ರಂಥದಲ್ಲಿ ‘ನಮೋ ಮರಿಯೆ’ ಪ್ರಾರ್ಥನೆಯ ಈಗಿನ ಪಾಠ ಸ್ಥಿರಗೊಂಡಿತು. 1569ರಲ್ಲಿ ಪೋಪ್ ಐದನೆಯ ಪಿಯುಸ್ ಜಪಸರದ ರೂಪವನ್ನು ಅಧಿಕೃತವಾಗಿ ಅಂಗೀಕರಿಸಿದರು. 1571ರ ಅಕ್ಟೋಬರ್ 7ರಂದು ಲೆಪಾಂಟೊ ಸಮುದ್ರಯುದ್ಧದಲ್ಲಿ ದೊರೆತ ಗೆಲುವನ್ನು ಜಪಸರದ ಫಲವೆಂದು ಭಾವಿಸಿ ಮರುವರ್ಷ ವಿಜಯಮಾತೆಯ ಹಬ್ಬವನ್ನು ಏರ್ಪಡಿಸಲಾಯಿತು. 1573ರಲ್ಲಿ ಅದು ಜಪಸರದ ಹಬ್ಬವಾಯಿತು. ಶಾಂತಿಗಾಗಿ ಮೊರೆಯಿಡುವ ಪ್ರಾರ್ಥನೆಯೊಂದು ಯುದ್ಧದ ನೆನಪಿನೊಂದಿಗೆ ತಳುಕು ಹಾಕಿಕೊಂಡಿರುವುದು ಜಪಸರದ ಚರಿತ್ರೆಯ ಒಂದು ವೈರುಧ್ಯ. ಹಬ್ಬದ ಹೆಸರು ವಿಜಯದಿಂದ ಜಪಕ್ಕೆ ಬದಲಾದದ್ದು ಈ ದೃಷ್ಟಿಯಿಂದ ಗಮನಾರ್ಹ. ಪೋಪ್ ಹದಿಮೂರನೆಯ ಲಿಯೊ 1883ರಿಂದ ಹೊರಡಿಸಿದ ಸುತ್ತೋಲೆಗಳಿಂದಾಗಿ ಅಕ್ಟೋಬರ್ ತಿಂಗಳು ಜಪಸರದ ತಿಂಗಳಾಗಿ ನೆಲೆಗೊಂಡಿತು.

ಈ ಚರಿತ್ರೆಯಿಂದ ಸ್ಪಷ್ಟವಾಗುವ ಅಂಶವೊಂದಿದೆ. ಗ್ರಂಥವನ್ನು ಓದಲಾರದವರು ಗ್ರಂಥಕ್ಕೆ ಸಮನಾದುದನ್ನು ತಮ್ಮ ಕೈಬೆರಳುಗಳಲ್ಲಿ ಕಟ್ಟಿಕೊಂಡರು. 150ರ ಸಂಖ್ಯೆ ಆ ಸಮಾನತೆಯ ಗುರುತು. 2002ರ ಸೇರ್ಪಡೆಯಿಂದ ರಹಸ್ಯಗಳು 20 ಆಗಿ, ವಂದನೆಗಳು 200 ಆದಾಗ ಈ ಹಳೆಯ ಲೆಕ್ಕ ಮುರಿಯಿತು. ಆದರೆ ಕಥನದ ದೃಷ್ಟಿಯಿಂದ ಒಂದು ದೊಡ್ಡ ಬಿರುಕು ಮುಚ್ಚಿತು. ಅದುವರೆಗೆ ಜಪಸರದ ಕಥೆ ಹನ್ನೆರಡು ವರ್ಷದ ಬಾಲಕನಿಂದ ನೇರವಾಗಿ ಗೆತ್ಸೆಮನೆಗೆ ನೆಗೆಯುತ್ತಿತ್ತು. ಜೋರ್ಡಾನ್ ನದಿಯ ಸ್ನಾನದೀಕ್ಷೆ, ಕಾನಾ ಊರಿನ ಮದುವೆ, ದೇವರಾಜ್ಯದ ಬೋಧನೆ, ರೂಪಾಂತರ, ಕೊನೆಯ ಭೋಜನ ಇವು ಸೇರಿದ ಮೇಲೆ ಕ್ರಿಸ್ತನ ಸಾರ್ವಜನಿಕ ಬದುಕಿಗೂ ಅಲ್ಲಿ ಸ್ಥಾನ ದೊರೆಯಿತು. ಸಂಖ್ಯೆ ಹಾಗೂ ಕಥನಗಳ ನಡುವೆ ಆಯ್ಕೆ ಬಂದಾಗ ಪರಂಪರೆ ಕಥನವನ್ನು ಆರಿಸಿಕೊಂಡಿತು.

3. ನುಡಿಯುವ ಮಾತು, ನುಡಿಯದ ಕಥೆ

ಮೌಖಿಕ ಕಾವ್ಯದಲ್ಲಿ ಪುನರುಕ್ತಿಯ ಪಾತ್ರವನ್ನು ಮಿಲ್ಮನ್ ಪ್ಯಾರಿ ಹಾಗೂ ಆಲ್ಬರ್ಟ್ ಲಾರ್ಡ್ ವಿವರಿಸಿದ್ದಾರೆ. ಲಾರ್ಡ್ ಅವರ ‘ದ ಸಿಂಗರ್ ಆಫ್ ಟೇಲ್ಸ್’ (1960) ಪ್ರಕಟವಾದ ಬಳಿಕ ಸಿದ್ಧ ನುಡಿಗಟ್ಟುಗಳನ್ನು ಕಲ್ಪನೆಯ ಬಡತನವೆಂದು ಭಾವಿಸುವ ರೂಢಿ ಹಿಂದೆ ಸರಿಯಿತು. ಗಾಯಕನು ದೀರ್ಘ ಕಥನವನ್ನು ಕಟ್ಟಲು ನೆರವಾಗುವ ಸಾಧನ ಅದು. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರಲ್ಲಿ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಂಡಾಗ ಮುಖ್ಯ ಗಾಯಕನಿಗೆ ಮುಂದಿನ ಕಥಾಭಾಗವನ್ನು ನೆನೆದುಕೊಳ್ಳಲು ಬಿಡುವು ಸಿಗುತ್ತದೆ.

ಜಪಸರದಲ್ಲಿ ಈ ಸಂಬಂಧ ತಿರುವುಮುರುವಾಗಿದೆ. ಇಲ್ಲಿ ಬಾಯಿಯಿಂದ ಹೊರಡುವುದು ಬದಲಾಗದ ನುಡಿ. ಬದಲಾಗುವ ಕಥೆ ಮೌನದಲ್ಲಿ ಉಳಿಯುತ್ತದೆ. ಸೊಲ್ಲು ಮಾತ್ರ ಕೇಳಿಸುತ್ತದೆ, ಕಥನ ಕೇಳಿಸುವುದಿಲ್ಲ. ಹೊರಗೆ ನಿಂತು ಕೇಳುವವನಿಗೆ ಜಪಸರ ಯಾಂತ್ರಿಕವಾಗಿ ತೋರುವುದಕ್ಕೆ ಮುಖ್ಯ ಕಾರಣ ಇದೇ. ಅವನು ಕೇಳುತ್ತಿರುವುದು ಹಿಮ್ಮೇಳವನ್ನು ಮಾತ್ರ. ಹತ್ತು ವಂದನೆಗಳ ಅವಧಿಯು ಒಂದು ದೃಶ್ಯವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಲು ಒದಗುವ ಕಾಲದ ಅಳತೆ. ನಾಲಿಗೆಗೂ ಬೆರಳಿಗೂ ಪರಿಚಿತವಾದ ಕೆಲಸ ದೊರೆತಾಗ ಮನಸ್ಸು ದೃಶ್ಯದತ್ತ ತಿರುಗಲು ಬಿಡುವಾಗುತ್ತದೆ.

ನುಡಿಯುವ ಮಾತಿನ ರಚನೆಯೂ ಪರಿಶೀಲನೆಗೆ ಅರ್ಹ. ‘ನಮೋ ಮರಿಯೆ’ ಪ್ರಾರ್ಥನೆಯ ಮೊದಲರ್ಧ ಲೂಕನ ಸುವಾರ್ತೆಯ ಒಂದನೆಯ ಅಧ್ಯಾಯದಿಂದ ಬಂದುದು. ದೇವದೂತ ಗಬ್ರಿಯೇಲನು ಮರಿಯಳಿಗೆ ಹೇಳಿದ ವಂದನೆ (28ನೆಯ ವಾಕ್ಯ) ಹಾಗೂ ಎಲಿಜಬೇತಳು ಅವಳನ್ನು ಎದುರುಗೊಂಡು ಆಡಿದ ಮಾತು (42ನೆಯ ವಾಕ್ಯ) ಇಲ್ಲಿ ಕೂಡಿವೆ. ಉತ್ತರಾರ್ಧ ಬೇಡಿಕೆ. ಈ ಬೇಡಿಕೆಯಲ್ಲಿ ಎರಡೇ ಕಾಲಗಳಿವೆ: ಈಗ ಮತ್ತು ಮರಣದ ಗಳಿಗೆ. ಇವೆರಡರ ನಡುವಿನ ಬದುಕೆಲ್ಲವನ್ನೂ ಬಿಟ್ಟು ಎರಡು ತುದಿಗಳನ್ನು ಮಾತ್ರ ಹೆಸರಿಸುವುದು ಈ ಪ್ರಾರ್ಥನೆಯ ವೈಶಿಷ್ಟ್ಯ. ಪ್ರತಿದಿನ ಐವತ್ತಮೂರು ಸಲ ತನ್ನ ಸಾವನ್ನು ಹೆಸರಿಸಿ ಮಲಗುವ ಮನೆಗಳಲ್ಲಿ ಸಾವು ಅಪರಿಚಿತ ಅತಿಥಿಯಾಗಿರುವುದಿಲ್ಲ. ಮೃತದೇಹದ ಬಳಿ ಕುಳಿತು ಜಪಸರ ಹೇಳುವ, ಮೃತರ ಕೈಗೆ ಜಪಸರವನ್ನು ಸುತ್ತುವ ರೂಢಿಯನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬೇಕು. ಪ್ರಾರ್ಥನೆಯು ಹೆಸರಿಸಿದ ಎರಡು ಗಳಿಗೆಗಳು ಆ ಹೊತ್ತಿನಲ್ಲಿ ಒಂದಾಗಿವೆ.

4. ಕನ್ನಡದ ಪರಿಭಾಷೆ

ಲ್ಯಾಟಿನ್ನಿನ ‘ರೊಸಾರಿಯುಂ’ ಎಂಬ ಪದಕ್ಕೆ ಗುಲಾಬಿ ತೋಟ ಎಂದರ್ಥ. ಮರಿಯಳಿಗೆ ಅರ್ಪಿಸಿದ ಒಂದೊಂದು ವಂದನೆಯೂ ಒಂದೊಂದು ಹೂವು ಎಂಬ ಕಲ್ಪನೆ ಇದರ ಹಿಂದಿದೆ. ಭಾರತದ ‘ಜಪಮಾಲಾ’ ಪದವನ್ನು ದಾಸವಾಳವೆಂಬ ಅರ್ಥದ ‘ಜಪಾ’ ಶಬ್ದದೊಂದಿಗೆ ತಪ್ಪಾಗಿ ಗ್ರಹಿಸಿದ್ದರಿಂದ ಯುರೋಪಿನಲ್ಲಿ ಹೂಮಾಲೆಯ ಹೆಸರು ಬಂದಿತೆಂಬ ಊಹೆಯೂ ಇದೆ. ಇದು ಆಕರ್ಷಕವಾದರೂ ಸಿದ್ಧಪಟ್ಟಿಲ್ಲ. ಮಧ್ಯಯುಗದ ಯುರೋಪಿನಲ್ಲಿ ಹೂಮಾಲೆ, ಹೂದೋಟ ಎಂಬ ಹೆಸರುಗಳು ಭಕ್ತಿಕೃತಿಗಳಿಗೆ ಸ್ವತಂತ್ರವಾಗಿಯೇ ಬಳಕೆಯಲ್ಲಿದ್ದವು.

ಕನ್ನಡ ಕಥೋಲಿಕರು ಈ ಪ್ರಾರ್ಥನೆಯನ್ನು ‘ಜಪಸರ’, ‘ಜಪಮಾಲೆ’ ಎಂದು ಕರೆದರು. ಮೂಲದ ಹೂವನ್ನು ಬಿಟ್ಟು ನಾಡಿನ ಜಪವನ್ನು ಆರಿಸಿಕೊಂಡದ್ದು ಕೇವಲ ಅನುವಾದದ ಅನುಕೂಲವಾಗಿರಲಾರದು. 108 ಮಣಿಗಳ ಜಪಮಾಲೆ, ಜೈನರ ಮಾಲೆ, ಮುಸ್ಲಿಮರ 99 ಅಥವಾ 33 ಮಣಿಗಳ ತಸ್ಬಿ, ವೀರಶೈವರ ಅಷ್ಟಾವರಣದಲ್ಲಿನ ರುದ್ರಾಕ್ಷಿ ಇವುಗಳ ನಡುವೆ ಬಾಳುವ ಸಮುದಾಯವೊಂದು ತನ್ನ ಸಾಧನೆಯನ್ನು ನೆರೆಹೊರೆಯವರಿಗೆ ತಿಳಿಯುವ ಮಾತಿನಲ್ಲಿಯೇ ಹೆಸರಿಸಿತು. ತಮಿಳು ಕಥೋಲಿಕರಲ್ಲಿ ‘ಸೆಬಮಾಲೈ’ ಎಂಬುದು ವ್ಯಕ್ತಿನಾಮವಾಗಿಯೂ ಬಳಕೆಯಲ್ಲಿರುವುದನ್ನು ಇಲ್ಲಿ ನೆನೆಯಬಹುದು.

ಒಳಗಿನ ಪದಗಳೂ ಹೀಗೆಯೇ. ಲ್ಯಾಟಿನ್ನಿನ ‘ಆವೆ’ ಕನ್ನಡದಲ್ಲಿ ‘ನಮೋ’ ಆಯಿತು. ಎದುರುಗೊಂಡವರಿಗೆ ಹೇಳುವ ಲೌಕಿಕ ವಂದನೆಯ ಜಾಗದಲ್ಲಿ ಆರಾಧನೆಯ ಧ್ವನಿಯುಳ್ಳ ಮಾತು ಬಂದಿತು. ದೇವರಿಗೆ ಆರಾಧನೆ, ಮರಿಯಳಿಗೆ ಗೌರವ ಎಂಬ ಭೇದವನ್ನು ಕಥೋಲಿಕ ದೈವಶಾಸ್ತ್ರ ಎಚ್ಚರದಿಂದ ಕಾಯ್ದುಕೊಳ್ಳುವುದರಿಂದ ಈ ಆಯ್ಕೆ ಸಣ್ಣದಲ್ಲ. ‘ಗ್ರಾತ್ಸಿಯ’ ಎಂಬುದಕ್ಕೆ ‘ವರಪ್ರಸಾದ’ ಎಂಬ ಪದ ಬಂದಿತು. ಅರ್ಹತೆಯಿಂದ ಗಳಿಸಲಾಗದೆ ದಯೆಯಿಂದಲೇ ದೊರೆಯುವುದು ಎಂಬ ಅರ್ಥವನ್ನು ಶರಣರ ‘ಪ್ರಸಾದ’ ಪರಿಕಲ್ಪನೆ ಮೊದಲೇ ಸಿದ್ಧಪಡಿಸಿತ್ತು. ‘ರಹಸ್ಯ’ ಎಂಬ ಪದ ಮಾತ್ರ ತೊಡಕಿನದು. ಆಡುಮಾತಿನಲ್ಲಿ ಅದು ಬಚ್ಚಿಟ್ಟದ್ದು ಎಂಬ ಅರ್ಥ ಕೊಡುತ್ತದೆ. ಜಪಸರದಲ್ಲಿ ಅದರ ಅರ್ಥ ಇದಕ್ಕೆ ವ್ಯತಿರಿಕ್ತ: ಪ್ರಕಟವಾದ ಮೇಲೂ ಮುಗಿಯದೆ ಉಳಿಯುವುದು. ಹಾಗೆ ಮುಗಿಯದೆ ಉಳಿಯುವುದರಿಂದಲೇ ಅದನ್ನು ಮತ್ತೆ ಮತ್ತೆ ನೆನೆಯಬೇಕಾಗುತ್ತದೆ.

ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಈ ಪ್ರಾರ್ಥನೆಗೆ ‘ತೇರ್ಸ್’ ಎಂಬ ಹೆಸರಿದೆ. ಇದು ಮೂರನೆಯ ಒಂದು ಭಾಗ ಎಂಬ ಅರ್ಥದ ಪೋರ್ಚುಗೀಸ್ ‘ತೆರ್ಸು’ ಪದದಿಂದ ಬಂದುದು. 15 ಹತ್ತುಗಳಲ್ಲಿ ದಿನಕ್ಕೆ ಐದು ಎಂಬ ಲೆಕ್ಕ ಈ ಹೆಸರಿನಲ್ಲಿದೆ. 2002ರ ನಂತರ ಐದು ಎಂಬುದು ನಾಲ್ಕನೆಯ ಒಂದು ಭಾಗವಾದರೂ ಹೆಸರು ಬದಲಾಗಲಿಲ್ಲ. ಮಂಗಳೂರಿನಲ್ಲಿ 1568ರಲ್ಲಿ ಸ್ಥಾಪನೆಯಾದ ಚರ್ಚು ಜಪಸರ ಮಾತೆಗೇ ಅರ್ಪಿತವಾದುದು. ಇಂದಿನ ರೊಜಾರಿಯೊ ಕೆಥೆಡ್ರಲ್ ಅದರ ಪರಂಪರೆಯನ್ನು ಹೆಸರಿನಲ್ಲಿಯೇ ಉಳಿಸಿಕೊಂಡಿದೆ.

5. ಮನೆ, ಹೆಣ್ಣು, ತಾಯ್ನುಡಿ

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಅವಕಾಶ ನೀಡುವವರೆಗೆ ಚರ್ಚಿನ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಜಪಸರಕ್ಕೆ ಆ ಕಟ್ಟುಪಾಡು ಇರಲಿಲ್ಲ. ಅದು ಬಲಿಪೂಜೆಯ ಭಾಗವೂ ಆಗಿರಲಿಲ್ಲ, ಅದಕ್ಕೆ ಪಾದ್ರಿಯ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ಅರ್ಥವಾಗದ ಭಾಷೆಯ ಪೂಜೆಯಲ್ಲಿ ಮೌನವಾಗಿ ಮೊಣಕಾಲೂರಿದ್ದವರು ಸಂಜೆ ಮನೆಯಲ್ಲಿ ತಮ್ಮ ತಾಯ್ನುಡಿಯಲ್ಲಿ ದೇವರೊಡನೆ ಮಾತನಾಡುತ್ತಿದ್ದರು. ಪ್ರಾರ್ಥನೆಯ ಭಾಷೆಯಾಗಿ ತಾಯ್ನುಡಿ ಚರ್ಚಿನ ಬಾಗಿಲನ್ನು ದಾಟುವ ಮುನ್ನ ಮನೆಯ ದೀಪದ ಮುಂದೆ ಅದರ ಅಭ್ಯಾಸ ನಡೆದಿತ್ತು.

ಮನೆಯ ಜಪಸರದ ವಿಧಾನ ಸರಳ. ದೇವರ ಪೀಠದ ಮುಂದೆ ಎಲ್ಲರೂ ಸೇರುತ್ತಾರೆ. ಒಬ್ಬರು ವಂದನೆಯ ಮೊದಲರ್ಧವನ್ನು ಹೇಳಿದರೆ ಉಳಿದವರು ಉತ್ತರಾರ್ಧವನ್ನು ಹೇಳುತ್ತಾರೆ. ಸೋಬಾನೆ ಪದಗಳಲ್ಲಿ ಒಬ್ಬಳು ಎತ್ತಿಕೊಟ್ಟು ಉಳಿದವರು ದನಿಗೂಡಿಸುವ ಕ್ರಮಕ್ಕೆ ಇದು ಸಮೀಪವಾದುದು. ಹತ್ತುಗಳನ್ನು ಮನೆಮಂದಿ ಹಂಚಿಕೊಳ್ಳುವುದರಿಂದ ಮಗುವಿನ ಪಾಲಿಗೂ ಒಂದು ಹತ್ತು ಬರುತ್ತದೆ. ಆ ಹತ್ತು ಮಣಿಗಳ ಅವಧಿಯಲ್ಲಿ ಅಜ್ಜ ಅಜ್ಜಿಯರೂ ಮಗುವಿನ ದನಿಗೆ ಉತ್ತರ ಕೊಡಬೇಕು. ಕರಾವಳಿಯ ಮನೆಗಳಲ್ಲಿ ತೇರ್ಸ್ ಮುಗಿದೊಡನೆ ಕಿರಿಯರು ಹಿರಿಯರಿಂದ ‘ಬೆಸಾಂವ್’ ಅಂದರೆ ಆಶೀರ್ವಾದ ಪಡೆಯುವ ಪದ್ಧತಿಯಿದೆ. ಹಗಲಿನ ಜಗಳ, ಮುನಿಸುಗಳನ್ನು ಇಟ್ಟುಕೊಂಡು ಈ ಆಶೀರ್ವಾದ ಬೇಡುವುದು ಸುಲಭವಲ್ಲ.

ಮನೆಯ ಹಿರಿಯ ಹೆಣ್ಣುಮಗಳು ಪ್ರಾರ್ಥನೆಯನ್ನು ಮುನ್ನಡೆಸಬಹುದೆಂಬುದು ಮತ್ತೊಂದು ಮುಖ್ಯ ಸಂಗತಿ. ಪೂಜಾವೇದಿಕೆಯಲ್ಲಿ ಹೆಣ್ಣಿಗೆ ಯಾಜಕತ್ವವಿಲ್ಲದ ಪರಂಪರೆಯಲ್ಲಿ ಸುವಾರ್ತೆಯ ಕಥನವನ್ನು ಹೆಸರಿಸಿ ಆರಂಭಿಸುವ ಅಧಿಕಾರ ಮನೆಯೊಳಗೆ ಅವಳಿಗೆ ದೊರೆಯಿತು. ಆ ಕಥನದ ವಸ್ತುವೂ ಅವಳಿಗೆ ಹತ್ತಿರವಾದುದು. ಅನಿರೀಕ್ಷಿತ ಬಸಿರು, ಬಸಿರಿಯಾದ ಹಿರಿಯ ನೆಂಟಳ ಮನೆಗೆ ನೆರವಿಗಾಗಿ ನಡೆದುಹೋಗುವುದು, ಪರಸ್ಥಳದ ಹೆರಿಗೆ, ಜಾತ್ರೆಯ ಜನಜಂಗುಳಿಯಲ್ಲಿ ಮಗು ಕಳೆದುಹೋಗುವಂತೆ ಹಬ್ಬದ ಊರಿನಲ್ಲಿ ಮಗನನ್ನು ಕಳೆದುಕೊಂಡು ಮೂರು ದಿನ ಹುಡುಕುವುದು, ಕಣ್ಣೆದುರೇ ಮಗನ ಸಾವು. ಕನ್ನಡದ ಗರತಿಯ ಹಾಡುಗಳಲ್ಲಿ ಬಸಿರು, ಬಾಣಂತನ, ಮಗುವಿನ ಅಗಲಿಕೆಗಳು ಪಡೆದ ಸ್ಥಾನವನ್ನು ಇಲ್ಲಿ ಈ ರಹಸ್ಯಗಳು ಪಡೆದಿವೆ. ಗರತಿಯು ಹಾಡಿ ಹೇಳಿದ್ದನ್ನು ಜಪಸರ ಹಿಡಿದವಳು ಹೇಳದೆಯೇ ನೆನೆಯುತ್ತಾಳೆ.

6. ಆಕ್ಷೇಪ ಮತ್ತು ಸಮಾಧಾನ

ಬರಿಯ ಮಾತುಗಳನ್ನು ಪೇರಿಸಬಾರದೆಂದು ಕ್ರಿಸ್ತನೇ ಎಚ್ಚರಿಸಿದ್ದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ. ಪ್ರಾಟೆಸ್ಟೆಂಟ್ ಚಿಂತಕರು ಜಪಸರದ ವಿರುದ್ಧ ಎತ್ತುವ ಮುಖ್ಯ ಆಧಾರ ಇದು. ಮನಸ್ಸು ನಿಲ್ಲದ ಜಪವನ್ನು ಶರಣರೂ ದಾಸರೂ ಟೀಕಿಸಿದ್ದಾರೆ. ಆದರೆ ಗಮನಿಸಬೇಕಾದ ಅಂಶವೆಂದರೆ, ಈ ಟೀಕೆಯನ್ನು ಮಾಡಿದ ಪರಂಪರೆಗಳು ಪುನರುಕ್ತಿಯನ್ನು ಕೈಬಿಡಲಿಲ್ಲ. ವೀರಶೈವದ ಅಷ್ಟಾವರಣದಲ್ಲಿ ಮಂತ್ರವೂ ರುದ್ರಾಕ್ಷಿಯೂ ಉಳಿದವು. ದಾಸರ ಪಂಥದಲ್ಲಿ ನಾಮಸ್ಮರಣೆಯೇ ಮುಖ್ಯ ಸಾಧನೆಯಾಯಿತು. ಅವರ ಟೀಕೆ ಒಳಗಿಲ್ಲದ ಹೊರಗನ್ನು ಕುರಿತದ್ದು.

ಕಥೋಲಿಕ ಧರ್ಮಸಭೆಯ ಒಳಗೂ ಇಂತಹ ವಿಮರ್ಶೆ ನಡೆದಿದೆ. ಪೋಪ್ ಆರನೆಯ ಪೌಲ್ 1974ರ ‘ಮರಿಯಾಲಿಸ್ ಕುಲ್ತುಸ್’ ಪತ್ರದಲ್ಲಿ ಧ್ಯಾನವಿಲ್ಲದ ಜಪಸರವನ್ನು ಆತ್ಮವಿಲ್ಲದ ದೇಹಕ್ಕೆ ಹೋಲಿಸಿ, ಬಲಿಪೂಜೆಯ ನಡುವೆ ಜಪಸರ ಹೇಳುವ ರೂಢಿಯನ್ನು ತಪ್ಪೆಂದು ಸೂಚಿಸಿದರು. ಅವಸರದಲ್ಲಿ ಲೆಕ್ಕ ಮುಗಿಸುವ ಜಪಸರಕ್ಕೆ ಶರಣರ ಟೀಕೆಯೂ ಈ ಪತ್ರದ ಟೀಕೆಯೂ ಸಮಾನವಾಗಿ ಅನ್ವಯಿಸುತ್ತವೆ. ಜಪಸರ ಹೇಳುವ ಬಹುಪಾಲು ಮನೆಗಳಲ್ಲಿ ತೂಕಡಿಕೆ, ಅವಸರ, ಅನ್ಯಮನಸ್ಕತೆಗಳು ಇದ್ದೇ ಇರುತ್ತವೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹಾಗಿದ್ದರೂ ಮನಸ್ಸು ಚದುರಿದ ದಿನವೂ ಮಾತು ಉಳಿದಿರುತ್ತದೆ; ಮಾತು ಉಳಿದಿದ್ದರೆ ಮನಸ್ಸು ಮರಳಲು ಜಾಗವಿರುತ್ತದೆ. ನಿತ್ಯದ ಅಭ್ಯಾಸಕ್ಕೆ ಇರುವ ಬೆಲೆ ಇದು.

ಸಮಾರೋಪ

ಸಂಜೆಯ ಹೊತ್ತನ್ನು ಕೆಲಸದ ಪಾಳಿ, ದೂರದರ್ಶನ, ಮೊಬೈಲುಗಳು ಹಂಚಿಕೊಂಡಿರುವ ಕಾಲದಲ್ಲಿ ಮನೆಯ ಜಪಸರ ಹಿಂದಿನಂತೆ ಉಳಿದಿಲ್ಲ. ಕುಟುಂಬ ಪ್ರಾರ್ಥನೆ ಕ್ಷೀಣಿಸುತ್ತಿರುವುದನ್ನು ಗಮನಿಸಿಯೇ ಎರಡನೆಯ ಜಾನ್ ಪೌಲ್ 2002ರ ತಮ್ಮ ಪತ್ರದಲ್ಲಿ ಅದನ್ನು ಮತ್ತೆ ಆರಂಭಿಸುವಂತೆ ಕರೆಯಿತ್ತರು. 2020ರಲ್ಲಿ ಕೊರೊನಾ ಸೋಂಕಿನಿಂದಾಗಿ ಚರ್ಚುಗಳು ಮುಚ್ಚಿದಾಗ ಪೋಪ್ ಫ್ರಾನ್ಸಿಸ್ ಮೇ ತಿಂಗಳಲ್ಲಿ ಮನೆಯಲ್ಲಿಯೇ ಜಪಸರ ಹೇಳುವಂತೆ ವಿಶ್ವಾಸಿಗಳನ್ನು ಕೋರಿದರು. ಯಾಜಕನಿಲ್ಲದೆ, ಗ್ರಂಥವಿಲ್ಲದೆ, ಕಟ್ಟಡವಿಲ್ಲದೆ ನಡೆಯಬಲ್ಲ ಪ್ರಾರ್ಥನೆಯ ಉಪಯುಕ್ತತೆ ಆಗ ಹೊಸದಾಗಿ ಮನವರಿಕೆಯಾಯಿತು.

ಒಟ್ಟಿನಲ್ಲಿ ಜಪಸರದ ಮೌಲ್ಯವನ್ನು ಮಣಿಗಳ ಎಣಿಕೆಯಿಂದ ಅಳೆಯಲಾಗದು. ಉಚ್ಚರಿಸಿದ ನುಡಿ ಹಾಗೂ ಸ್ಮರಿಸಿದ ಕಥನಗಳು ಒಂದೇ ದಾರದಲ್ಲಿ ಕೂಡುವುದರಲ್ಲಿ ಅದರ ಶಕ್ತಿಯಿದೆ. ಆ ಕೂಡುವಿಕೆಯಿಂದಾಗಿ ಓದು ಬಾರದವರು ಸುವಾರ್ತೆಯನ್ನು ತಮ್ಮದಾಗಿಸಿಕೊಂಡರು, ಹೆಣ್ಣುಮಕ್ಕಳು ಮನೆಯೊಳಗಿನ ಪ್ರಾರ್ಥನೆಯ ಮುಂದಾಳುಗಳಾದರು, ತಾಯ್ನುಡಿಗಳು ಆರಾಧನೆಯ ಭಾಷೆಯಾಗುವ ದಾರಿ ತೆರೆಯಿತು. ಕನ್ನಡ ಕ್ರೈಸ್ತ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಅಚ್ಚಾದ ಪುಸ್ತಕಗಳ ಜತೆಗೆ ಈ ನಾಲಿಗೆಯ ಪಠ್ಯವನ್ನೂ ಆಕರವಾಗಿ ಪರಿಗಣಿಸಬೇಕಾಗಿದೆ. ಬೇರೆ ಬೇರೆ ಊರುಗಳ ಹಿರಿಯರ ನೆನಪಿನಲ್ಲಿರುವ ಪಾಠಾಂತರಗಳು, ರಹಸ್ಯಗಳನ್ನು ಹೆಸರಿಸುವ ಸ್ಥಳೀಯ ನುಡಿಗಟ್ಟುಗಳು, ಸಾವಿನ ಮನೆಯಲ್ಲಿ ಜಪಸರದೊಂದಿಗೆ ಸೇರಿಬರುವ ಹಾಡುಗಳು ಇನ್ನೂ ಕ್ಷೇತ್ರಕಾರ್ಯಕ್ಕೆ ಕಾದಿವೆ. ಅವುಗಳನ್ನು ಬಲ್ಲ ತಲೆಮಾರು ಇರುವಾಗಲೇ ಈ ಕೆಲಸ ನಡೆಯಬೇಕಾದುದು ಅಗತ್ಯ.